ಆಂಬ್ವಾಜ್: ಲಿಯೊನಾರ್ಡೊ ಹೆಸರಿನ ನೆರಳಲ್ಲಿ ಉಳಿದವರು

ಪ್ಯಾರಿಸ್‌ನಿಂದ ಫ್ರಾನ್ಸಿನ ಕೋಟೆಯೂರು ಆಂಬ್ವಾಜ್‌ಗೆ ಹೊರಟವರು ಎಡವುವುದು ರೈಲಿನಲ್ಲೇ. ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಲ್ಲಿ ಟಿಜಿವಿ ಎಂಬ ಅತಿವೇಗದ ರೈಲು ಹತ್ತಿದರೆ ಸುಮಾರು ಒಂದು ಗಂಟೆಗೆ ಸ್ಯಾಂ ಪಿಯೆರ್ ದೆ ಕೋರ್ ನಿಲ್ದಾಣ. ಅಲ್ಲೇ ಇಳಿದು ಲೋಕಲ್ ರೈಲು ಹಿಡಿಯಬೇಕು, ಮುಂದೆ 15-20 ನಿಮಿಷ. ಎಷ್ಟೋ ಮಂದಿ ದೊಡ್ಡ ಊರೆಂದು ತೂರ್‌ಗೆ ಟಿಕೆಟ್ ತೆಗೆದು, ಹೋದ ದಾರಿಯಲ್ಲೇ ವಾಪಸ್ ಬರುತ್ತಾರೆ. ಪ್ಯಾರಿಸ್‌ನದೇ ಇನ್ನೊಂದು ನಿಲ್ದಾಣ ಆಸ್ಟರ್ಲಿಟ್ಜ್‌ನಿಂದ ನೇರ ರೈಲು ಉಂಟು, ಎರಡು ಗಂಟೆಯ ಆಸುಪಾಸು, ದಿನಕ್ಕೆ ಕೆಲವೇ.

ಆಂಬ್ವಾಜ್ ನಿಲ್ದಾಣ ಲುವಾರ್ ನದಿಯ ಉತ್ತರ ದಡದಲ್ಲಿ, ಊರು ಆಚೆ ದಡದಲ್ಲಿ. ನಡುಗಡ್ಡೆಯ ಮೇಲೆ ಹಾಯುವ ಸೇತುವೆ ದಾಟಿ ನಡೆದರೆ ಇಪ್ಪತ್ತು ನಿಮಿಷ. ಕೋಟೆಯ ಫೋಟೊ ಇಲ್ಲಿಂದಲೇ ಚೆಂದ. ಆದರೆ ನೋಟ ದಕ್ಷಿಣಕ್ಕಿರುವುದರಿಂದ ಮಧ್ಯಾಹ್ನ ಬಿಸಿಲು ಎದುರು ಬಿದ್ದು ಗೋಡೆಗಳು ಕಪ್ಪಾಗುತ್ತವೆ. ಬೇಸಿಗೆಯ ಸಂಜೆಗೆ ಕಾಯಿರಿ. ಶುಕ್ರವಾರ ಮತ್ತು ಭಾನುವಾರ ಬೆಳಿಗ್ಗೆ ನದಿ ದಂಡೆಯಲ್ಲಿ ಸಂತೆ. ಊಟ ಎರಡು ಗಂಟೆಯೊಳಗೆ ಮುಗಿಸಿ, ಆಮೇಲೆ ಅಡುಗೆಮನೆಗಳು ಮುಚ್ಚುತ್ತವೆ.

ಕೋಟೆಯನ್ನು ಈ ರೂಪಕ್ಕೆ ತಂದ ಫ್ರಾನ್ಸಿನ ರಾಜ ಎಂಟನೇ ಚಾರ್ಲ್ಸ್ ಹುಟ್ಟಿದ್ದೂ ಇಲ್ಲೇ, 1470ರಲ್ಲಿ. ಸತ್ತಿದ್ದೂ ಇಲ್ಲೇ. 1498ರ ಏಪ್ರಿಲ್ 7ರಂದು ಚೆಂಡಾಟ ನೋಡಲು ಹೊರಟವನು ತಗ್ಗಾದ ದಾರಂದಕ್ಕೆ ತಲೆ ಬಡಿದುಕೊಂಡ. ಕೆಲವೇ ಗಂಟೆಗಳಲ್ಲಿ ಮುಗಿಯಿತು. ವಯಸ್ಸು 27. 19ನೇ ಶತಮಾನದ ಆರಂಭದಲ್ಲಿ ಅರಮನೆಯ ಬಹುಪಾಲನ್ನು ಕೆಡವಿದ್ದರಿಂದ ಈಗ ಕಾಣುವುದು ಸಣ್ಣ ತುಂಡು. ಅವನ ಕಾಲದ ಕಾಮಗಾರಿ ಕಣ್ಣಿಗೆ ಕಟ್ಟುವುದು ಊರ್ತೊ ಬುರುಜಿನಲ್ಲಿ: ಮೆಟ್ಟಿಲೇ ಇಲ್ಲದ ಸುರುಳಿ ಇಳಿಜಾರು, ಕುದುರೆ, ಗಾಡಿ ನೇರ ಮೇಲೆ ಹತ್ತುವಷ್ಟು ಅಗಲ.

ಜನ ಮುಗಿಬೀಳುವುದು ಮಾತ್ರ ಸ್ಯಾಂತ್ ಉಬೇರ್ ಪ್ರಾರ್ಥನಾ ಮಂದಿರಕ್ಕೆ, ಲಿಯೊನಾರ್ಡೊ ಡ ವಿಂಚಿಯ ಸಮಾಧಿಗೆ. ಅವನನ್ನು ಮೊದಲು ಹೂತಿದ್ದು ಕೋಟೆಯೊಳಗಿನ ಬೇರೊಂದು ಚರ್ಚಿನಲ್ಲಿ. ಆ ಚರ್ಚನ್ನೂ ಕೆಡವಿದರು. 1863ರಲ್ಲಿ ಅಗೆದಾಗ ಸಿಕ್ಕ ಮೂಳೆಗಳು ಅವನವೇ ಇರಬೇಕೆಂದು ಊಹಿಸಿ ಇಲ್ಲಿಗೆ ತಂದರು. ಉಳಿದಿರುವುದು ಆ 'ಇರಬೇಕು' ಮಾತ್ರ. ಹಳೆಯ ಚರ್ಚಿದ್ದ ಜಾಗದಲ್ಲಿ ಅವನ ಅಮೃತಶಿಲೆಯ ಎದೆಮಟ್ಟದ ಶಿಲ್ಪವಿದೆ. ನಮ್ಮ ಮಟ್ಟಿಗೆ ನಿಂತು ನೋಡಬೇಕಾದ್ದು ಅದೇ.

ಇದಕ್ಕಿಂತ ಹೆಚ್ಚು ಹೊತ್ತು ಬೇಡುವ ಜಾಗ ಕೋಟೆಯ ತೋಟದಲ್ಲಿದೆ. ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಹೋರಾಡಿದ ಅಮೀರ (ಮುಖಂಡ) ಅಬ್ದುಲ್ ಖಾದಿರ್ 1847ರ ಡಿಸೆಂಬರ್‌ನಲ್ಲಿ ಶರಣಾದಾಗ, ಪೂರ್ವದ ಮುಸ್ಲಿಂ ನಾಡಿಗೆ ಹೋಗಲು ಬಿಡುತ್ತೇವೆಂದು ಮಾತು ಕೊಟ್ಟಿದ್ದರು. ಮಾತು ತಪ್ಪಿ, 1848ರಿಂದ 1852ರವರೆಗೆ ಪರಿವಾರ ಸಮೇತ ಇಲ್ಲಿ ಕೂಡಿಹಾಕಿದರು. ಲುವಾರ್‌ನ ತೇವ, ಚಳಿಯಲ್ಲಿ ಹಲವರು ಸತ್ತರು, ಮಕ್ಕಳೂ ಸೇರಿ. ಅವರ ನೆನಪಿಗೆ 2005ರಲ್ಲಿ 25 ಕಲ್ಲುಗಳನ್ನು ನೆಟ್ಟಿದ್ದಾರೆ. ಹೆಚ್ಚಿನವರು ಅಲಂಕಾರದ ಕಲ್ಲೆಂದು ದಾಟಿಹೋಗುತ್ತಾರೆ. 1852ರ ಅಕ್ಟೋಬರ್‌ನಲ್ಲಿ ಆಗಿನ ಫ್ರಾನ್ಸ್ ಅಧ್ಯಕ್ಷ ಲೂಯಿ ನೆಪೋಲಿಯನ್ ಖುದ್ದು ಬಂದು ಬಿಡುಗಡೆಯ ಸುದ್ದಿ ಹೇಳಿದ. ಅದೇ ಅಮೀರ 1860ರಲ್ಲಿ ದಮಾಸ್ಕಸ್ ಗಲಭೆಯಲ್ಲಿ ಸಾವಿರಾರು ಕ್ರೈಸ್ತರ ಜೀವ ಉಳಿಸಿದ.

ಲಿಯೊನಾರ್ಡೊ 1516ರಲ್ಲಿ ಬಂದು, 1519ರ ಮೇ 2ರಂದು ಸತ್ತ ಮನೆ ಕ್ಲೊ ಲೂಸೆ ಅರ್ಧ ಕಿಲೋಮೀಟರ್ ಆಚೆಗಿದೆ, ಬೀದಿ ನಿಧಾನಕ್ಕೆ ಏರುತ್ತದೆ. ಮೋನಾ ಲೀಸಾ ಅವನ ಜೊತೆ ಬಂದಿತ್ತು, ಈಗ ಇರುವುದು ಲೂವ್ರ್‌ನಲ್ಲಿ; ಅದನ್ನು ಇಲ್ಲಿ ಹುಡುಕಬೇಡಿ. ಲಿಯೊನಾರ್ಡೊ ಆಗಿನ ರಾಜ ಫ್ರಾನ್ಸ್ವಾನ ತೋಳಿನಲ್ಲೇ ಪ್ರಾಣ ಬಿಟ್ಟನೆಂಬ ಕತೆಯನ್ನು ಇತಿಹಾಸಕಾರರು ಸುಲಭವಾಗಿ ಒಪ್ಪುವುದಿಲ್ಲ. ಲಿಯೊನಾರ್ಡೊನ ರೇಖಾಚಿತ್ರಗಳನ್ನು ನೋಡಿ ಮಾಡಿದ ಯಂತ್ರಗಳು ಈ ಮನೆಯ ತೋಟದಲ್ಲಿವೆ, ಕೆಲವನ್ನು ತಿರುಗಿಸಬಹುದು. ಮಕ್ಕಳಿದ್ದರೆ ಅರ್ಧ ದಿನ ಇಲ್ಲೇ ಹೋಗುತ್ತದೆ, ಆದ್ದರಿಂದ ಕೋಟೆಯನ್ನು ಬೆಳಿಗ್ಗೆಯೇ ಮುಗಿಸಿ.

ಹೊತ್ತು ಉಳಿದರೆ ಸೈಕಲ್ ಬಾಡಿಗೆಗೆ ತೆಗೆದು ದಕ್ಷಿಣಕ್ಕೆ ಸುಮಾರು ಮೂರು ಕಿಲೋಮೀಟರ್ ತುಳಿಯಿರಿ. 1770ರಲ್ಲಿ ಮಂತ್ರಿಪದವಿ ಕಳೆದುಕೊಂಡ ಡ್ಯೂಕ್ ಶ್ವಾಝೆಲ್, ತನ್ನನ್ನು ಕಾಣಲು ಬಂದ ಗೆಳೆಯರಿಗೆ ಕೃತಜ್ಞತೆಯಾಗಿ ಕಟ್ಟಿಸಿದ ಏಳಂತಸ್ತಿನ, 44 ಮೀಟರ್ ಎತ್ತರದ ಪಗೋಡ ಅಲ್ಲಿದೆ. ಅವನ ಅರಮನೆ ಉಳಿದಿಲ್ಲ.