ಹಳೆಯ ವಿಸ್ಕಿ ಬಾಟಲಿಗೆ ಎಷ್ಟು ಬರುತ್ತದೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಇಪ್ಪತ್ತೆರಡು ವರ್ಷ ಹಡಗಿನಲ್ಲಿ ದುಡಿದು ಕಾರವಾರಕ್ಕೆ ಮರಳಿದ ಮೇಲೆ, ವಿದೇಶಿ ಮದ್ಯದ ವಿಷಯ ನನಗೆ ಗೊತ್ತಿರಬಹುದೆಂದು ನಂಬಿ ಬರುವವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. "ಅಣ್ಣಾ, ಅಪ್ಪ ಗಲ್ಫಿನಿಂದ ತಂದ ಬಾಟಲಿ ಇಪ್ಪತ್ತೈದು ವರ್ಷದಿಂದ ಹಾಗೇ ಇದೆ, ಸೀಲ್ ಒಡೆದಿಲ್ಲ. ಈಗ ಎಷ್ಟು ಬರಬಹುದು?" ಎಂದು ಸದಾಶಿವಗಡದ ಹುಡುಗನೊಬ್ಬ ಕೇಳಿದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ಶಿರಸಿಯ ನನ್ನ ಸೋದರಳಿಯ ಅದನ್ನೇ ಇನ್ನೊಂದು ಬಗೆಯಲ್ಲಿ ಕೇಳಿದ: "ಮಾವಾ, ಎಫ್‌ಡಿ ಇಡುವ ಬದಲು ನಾಲ್ಕು ಒಳ್ಳೆಯ ಬಾಟಲಿ ತೆಗೆದಿಟ್ಟರೆ ಹೇಗೆ?" ಇಬ್ಬರಿಗೂ ನಾನು ಹೇಳಿದ್ದು ಒಂದೇ. ನಮ್ಮ ಊರಿನಲ್ಲಿ ಕುಳಿತವರಿಗೆ ಇದು ಹೂಡಿಕೆಯಲ್ಲ. ಏಕೆಂದು ವಿವರವಾಗಿ ಬರೆಯುತ್ತಿದ್ದೇನೆ.

ಬಾಟಲಿಯಲ್ಲಿ ವಿಸ್ಕಿಗೆ ವಯಸ್ಸಾಗುವುದಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಅದು ಮಾಗುವುದು ಓಕ್ ಮರದ ಪೀಪಾಯಿಯಲ್ಲಿ ಮಾತ್ರ. ಹನ್ನೆರಡು ವರ್ಷ ಪೀಪಾಯಿಯಲ್ಲಿದ್ದು ಗಾಜಿಗೆ ಇಳಿದ ವಿಸ್ಕಿ ನಿಮ್ಮ ಕಪಾಟಿನಲ್ಲಿ ಮೂವತ್ತು ವರ್ಷ ಕಳೆದರೂ ಹನ್ನೆರಡು ವರ್ಷದ ವಿಸ್ಕಿಯಾಗಿಯೇ ಉಳಿಯುತ್ತದೆ. ಮಾಗುವಾಗ ಪೀಪಾಯಿಯಿಂದ ಆವಿಯಾಗಿ ಹೋಗುವ ಭಾಗವನ್ನು ಸ್ಕಾಟ್ಲೆಂಡಿನವರು 'ದೇವತೆಗಳ ಪಾಲು' ಎನ್ನುತ್ತಾರೆ. ಅಲ್ಲಿನ ಚಳಿಯಲ್ಲಿ ಅದು ವರ್ಷಕ್ಕೆ ಸುಮಾರು 2 ಪ್ರತಿಶತ. ಬೆಂಗಳೂರಿನ ಅಮೃತ್, ಗೋವೆಯ ಪಾಲ್ ಜಾನ್ ಡಿಸ್ಟಿಲರಿಗಳ ಬಿಸಿಲಿನಲ್ಲಿ ಅದರ ನಾಲ್ಕೈದು ಪಟ್ಟು. ಹಾಗಾಗಿಯೇ ನಮ್ಮ ದೇಶದ ಸಿಂಗಲ್ ಮಾಲ್ಟ್‌ಗಳು (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ ತಯಾರಾದ ವಿಸ್ಕಿಗಳು) ಕೆಲವೇ ವರ್ಷಗಳಲ್ಲಿ ಮಾಗುತ್ತವೆ, ಸ್ಕಾಚ್‌ನಷ್ಟು, ಅಂದರೆ ಸ್ಕಾಟ್ಲೆಂಡಿನ ವಿಸ್ಕಿಯಷ್ಟು, ದೀರ್ಘಕಾಲ ಅವುಗಳನ್ನು ಪೀಪಾಯಿಯಲ್ಲಿ ಇಡುವುದು ಕಷ್ಟ.

ಹಾಗಾದರೆ ಪತ್ರಿಕೆಯಲ್ಲಿ ಓದುವ ಕೋಟಿಗಳ ಹರಾಜು ಸುಳ್ಳೇ ಎಂದರೆ, ಸುಳ್ಳಲ್ಲ. 2023ರ ನವೆಂಬರಿನಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ ಸ್ಕಾಟ್ಲೆಂಡಿನ ಮಕಾಲನ್ ಡಿಸ್ಟಿಲರಿಯ 1926ರ ವಿಸ್ಕಿಯ ಒಂದು ಬಾಟಲಿ ಸುಮಾರು 22 ಲಕ್ಷ ಪೌಂಡಿಗೆ, ಅಂದರೆ 22 ಕೋಟಿ ರೂಪಾಯಿಯಷ್ಟಕ್ಕೆ ಹೋಯಿತು. ಆದರೆ ಅರವತ್ತು ವರ್ಷ ಮಾಗಿದ ಆ ಪೀಪಾಯಿಯಿಂದ 1986ರಲ್ಲಿ ತುಂಬಿದ್ದು ಕೇವಲ 40 ಬಾಟಲಿ. ಡ್ಯೂಟಿ ಫ್ರೀ ಅಂಗಡಿಯ ಕಪ್ಪು, ಕೆಂಪು, ಬಂಗಾರದ ಬಣ್ಣದ ಲೇಬಲ್‌ಗಳೆಲ್ಲ ಲಕ್ಷಗಟ್ಟಲೆ ಬಾಟಲಿಗಳಲ್ಲಿ ತಯಾರಾಗುವ ಸರಕು. ನಮ್ಮ ಕರಾವಳಿಯ ಮನೆಗಳಲ್ಲಿ ನಾನು ಇದುವರೆಗೆ ನೋಡಿದ ಹಳೆಯ ಬಾಟಲಿಗಳಲ್ಲಿ ಒಂದೂ ಈ ಎರಡನೆಯ ಗುಂಪಿನಿಂದ ಹೊರಗಿರಲಿಲ್ಲ. ಮುಚ್ಚಿಹೋದ ಡಿಸ್ಟಿಲರಿಯ ಬಾಟಲಿಗೆ ಬೆಲೆ ಏರುತ್ತದೆ ಎಂಬ ಮಾತೂ ನಿಜವೇ. ಆದರೆ ಮುಚ್ಚಿದ್ದು ಮುಚ್ಚಿಯೇ ಉಳಿಯುತ್ತದೆಂದೇನಿಲ್ಲ: 1983ರಲ್ಲಿ ಮುಚ್ಚಿದ್ದ ಸ್ಕಾಟ್ಲೆಂಡಿನ ಬ್ರೋರಾ 2021ರಲ್ಲಿಯೂ ಪೋರ್ಟ್ ಎಲನ್ 2024ರಲ್ಲಿಯೂ ಮತ್ತೆ ಬಾಗಿಲು ತೆರೆದವು.

ಇನ್ನು ಬಾಟಲಿಯ ಸ್ಥಿತಿ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. 1998ರಲ್ಲಿ ಹಡಗು ಸ್ಕಾಟ್ಲೆಂಡಿನ ಬಂದರಿನಲ್ಲಿ ನಿಂತಾಗ ಹದಿನೆಂಟು ವರ್ಷದ ಸಿಂಗಲ್ ಮಾಲ್ಟ್ ಒಂದನ್ನು ರಟ್ಟಿನ ಡಬ್ಬಿಯ ಸಮೇತ ಕೊಂಡು, ಮನೆಯ ಕಬ್ಬಿಣದ ಕಪಾಟಿನಲ್ಲಿ, ಜಾಗವಿಲ್ಲವೆಂದು ಅಡ್ಡ ಮಲಗಿಸಿ ಇಟ್ಟಿದ್ದೆ. ಕೆಲವು ವರ್ಷಗಳ ನಂತರ ಒಂದು ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿದರೆ ಡಬ್ಬಿಗೆ ಬೂಷ್ಟು ಹಿಡಿದಿತ್ತು, ಲೇಬಲ್ಲಿನ ಅಂಚು ಎದ್ದು ಕಂದು ಕಲೆಯಾಗಿತ್ತು, ಕತ್ತಿನವರೆಗೆ ಇರಬೇಕಾದ ವಿಸ್ಕಿ ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಬೂಚನ್ನು ಹಿಡಿದು ಮೆಲ್ಲಗೆ ತಿರುವಿದರೆ ಅರ್ಧ ಕೈಗೆ ಬಂತು, ಉಳಿದರ್ಧ ಪುಡಿಯಾಗಿ ಒಳಗೆ ಬಿತ್ತು. ವೈನಿನಂತೆ ವಿಸ್ಕಿಯನ್ನು ಮಲಗಿಸಬಾರದು. ಅದರ ಮದ್ಯಸಾರದ ತೀಕ್ಷ್ಣತೆ ಬೂಚನ್ನು ತಿಂದುಹಾಕುತ್ತದೆ. ನೇರವಾಗಿ ನಿಲ್ಲಿಸಿ, ಬಿಸಿಲು ತಾಗದ, ಸೆಕೆ ಏರಿಳಿಯದ ಜಾಗದಲ್ಲಿ ಇಡಬೇಕು. ಸಂಗ್ರಾಹಕರು ಲೇಬಲ್, ಡಬ್ಬಿ, ತುಂಬಿದ ಮಟ್ಟ ಮೂರನ್ನೂ ನೋಡಿ ಬೆಲೆ ಕಟ್ಟುತ್ತಾರೆ. ಜೂನ್ ತಿಂಗಳಲ್ಲಿ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ ಕಾಗದದ ಲೇಬಲ್ಲನ್ನು ಇಪ್ಪತ್ತು ವರ್ಷ ಕಾಪಾಡುವುದು ಸುಲಭದ ಕೆಲಸವಲ್ಲ.

ನಕಲಿಯ ಭಯವೂ ಇದೆ. 2017ರಲ್ಲಿ ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ ಅತಿಥಿಯೊಬ್ಬರು 1878ರದ್ದೆಂದು ಹೇಳಲಾದ ಮಕಾಲನ್‌ನ ಒಂದೇ ಪೆಗ್ಗಿಗೆ ಸುಮಾರು 10,000 ಫ್ರಾಂಕ್ ಕೊಟ್ಟರು. ಪರೀಕ್ಷೆ ಮಾಡಿಸಿದಾಗ ಅದು 1970ರ ದಶಕದ ಮಿಶ್ರಣವೆಂದು ತಿಳಿಯಿತು. ಮರುವರ್ಷ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದು ಇಂಗಾಲದ ಕಾಲಮಾಪನದಿಂದ ಪರೀಕ್ಷಿಸಿದ 55 ಅಪರೂಪದ ಬಾಟಲಿಗಳಲ್ಲಿ 21 ನಕಲಿ, ಇಲ್ಲವೇ ಲೇಬಲ್ಲಿನಲ್ಲಿ ಹೇಳಿದ ವರ್ಷದವಲ್ಲ ಎಂದು ಗೊತ್ತಾಯಿತು.

ಇವೆಲ್ಲವನ್ನೂ ದಾಟಿದರೂ ಮಾರುವುದು ಎಲ್ಲಿ ಎಂಬುದೇ ನನ್ನ ಮುಖ್ಯ ಆಕ್ಷೇಪ. ಸೋದರಳಿಯನಿಗೆ ನಾನು ಅವನ ಮನೆಯ ಅಡಿಕೆಯ ಉದಾಹರಣೆಯನ್ನೇ ಕೊಟ್ಟೆ. ಚಾಲಿಯಾಗಲಿ ರಾಶಿಯಾಗಲಿ, ಶಿರಸಿಯ ಪೇಟೆಗೆ ಒಯ್ದರೆ ಟೆಂಡರಿನಲ್ಲಿ ಧಾರಣೆ ನಿಗದಿಯಾಗುತ್ತದೆ. ಬೆಲೆ ಕಡಿಮೆಯೆನಿಸಿದರೆ ಮೂಟೆಯನ್ನು ವಖಾರಿಯಲ್ಲಿಟ್ಟು ಕಾಯಬಹುದು, ಬೇಕೆಂದಾಗ ಕೊಡಬಹುದು. ವಿಸ್ಕಿಗೆ ಆ ಬಾಗಿಲೇ ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ಮಾರುವುದು ಅಪರಾಧ. ಅದು ಒಂದೇ ಬಾಟಲಿಯಾದರೂ, ಕೊಳ್ಳುವವನು ಗೆಳೆಯನೇ ಆದರೂ ಅಷ್ಟೇ. ಅಂಚೆಯಲ್ಲಿ ಮದ್ಯ ಕಳುಹಿಸುವಂತಿಲ್ಲ. ವಿಮಾನದಲ್ಲಿ ಕೈಯಾರೆ ಒಯ್ದು ಬ್ರಿಟನ್ನಿನ ಹರಾಜಿಗೆ ಕೊಡೋಣವೆಂದರೆ, ಪ್ರಯಾಣಿಕರಿಗಿರುವ ಸುಂಕದ ವಿನಾಯಿತಿ ಸ್ವಂತ ಬಳಕೆಗೆ ಮಾತ್ರ, ಮಾರಾಟದ ಸರಕಿಗಲ್ಲ. ಗೋವೆಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಕೊಂಡು ತರಲು ಯೋಚಿಸುವವರು ಗಡಿಯಲ್ಲಿರುವ ಮಾಜಾಳಿಯ ತನಿಖಾ ಠಾಣೆಯನ್ನು ನೆನಪಿಟ್ಟುಕೊಳ್ಳಬೇಕು.

ಸುಂಕದ ಲೆಕ್ಕವೂ ಹೂಡಿಕೆದಾರನಿಗೆ ಎದುರಾಗಿದೆ. ನಮ್ಮಲ್ಲಿ ಸ್ಕಾಚ್ ಇಷ್ಟು ದುಬಾರಿಯಾದುದಕ್ಕೆ 2025ರಲ್ಲಿ 150 ಪ್ರತಿಶತವಿದ್ದ ಆಮದು ಸುಂಕ ದೊಡ್ಡ ಕಾರಣ. 2025ರ ಜುಲೈನಲ್ಲಿ ಸಹಿಯಾದ ಭಾರತ-ಬ್ರಿಟನ್ ಒಪ್ಪಂದದಲ್ಲಿ ಇದನ್ನು ಮೊದಲು 75ಕ್ಕೂ ಹತ್ತು ವರ್ಷಗಳಲ್ಲಿ 40ಕ್ಕೂ ಇಳಿಸಲು ಒಪ್ಪಿದ್ದಾರೆ. ಹಳೆಯ ಸುಂಕ ತೆತ್ತು ಕೊಂಡ ಬಾಟಲಿಯನ್ನು ಕಪಾಟಿನಲ್ಲಿಟ್ಟು ಕಾಯುತ್ತಿರುವಾಗ ಅದೇ ಹೊಸ ಬಾಟಲಿ ಅಂಗಡಿಯಲ್ಲಿ ಅಗ್ಗವಾಗುವ ಸಾಧ್ಯತೆಯಿದೆ. ವಿದೇಶದಲ್ಲಿಯೂ ಸಂಗ್ರಹಯೋಗ್ಯ ವಿಸ್ಕಿಯ ಬೆಲೆ 2022ರ ನಂತರ ಇಳಿಮುಖವಾಗಿದೆ. ಹರಾಜಿನವರ ಕಮಿಷನ್ನು ಬೇರೆ.

ಇಷ್ಟನ್ನು ಕೇಳಿದ ಸೋದರಳಿಯ ಎಫ್‌ಡಿಯನ್ನೇ ಇಟ್ಟ. ಸದಾಶಿವಗಡದ ಹುಡುಗನ ಮನೆಗೆ ನಾನೇ ಹೋಗಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಸಾಮಾನ್ಯ ಮಿಶ್ರ ಸ್ಕಾಚ್. ಬೂಚಲ್ಲ, ಲೋಹದ ತಿರುಪು ಮುಚ್ಚಳ. ಮಟ್ಟ ಸ್ವಲ್ಪವೂ ಇಳಿದಿರಲಿಲ್ಲ. ತಂದಾಗ ಇದ್ದ ರುಚಿಯೇ ಇರುತ್ತದೆ, ತಂದ ನಿಮ್ಮ ತಂದೆ ಎದುರಿಗಿರುವಾಗಲೇ ತೆರೆಯಿರಿ ಎಂದು ಹೇಳಿ ಬಂದೆ.