ಹೊಳಿ ದಾಟಿದ್ರ ಕಾಲು ಬ್ಯಾರೆ ಆಗ್ತಾವೇನ್ರಿ?

ಮಂಗಳವಾರದಿಂದ ಈ ಮಾತು ತಲೆಯಿಂದ ಹೋಗ್ತಾ ಇಲ್ಲ.

ಗೆಳತಿಯ ಮನೆಯ ಗೃಹಪ್ರವೇಶಕ್ಕೆ ಅಂತ ರಾಯಚೂರಿನಿಂದ ಯಾದಗಿರಿಗೆ ಹೊರಟಿದ್ದೆ. ಆ ದಾರಿಯಲ್ಲಿ ಶಕ್ತಿನಗರದ ಹತ್ತಿರ ರೈಲು ಕೃಷ್ಣಾ ಹೊಳೆ ದಾಟುತ್ತದೆ. ದಾಟಿದ ಮೇಲೆ ಸ್ವಲ್ಪ ದೂರ ತೆಲಂಗಾಣ, ಆಮೇಲೆ ಮತ್ತೆ ಕರ್ನಾಟಕ. ನಡುವೆ ಕೃಷ್ಣಾ ಅನ್ನುವ ಹೆಸರಿನದೇ ಒಂದು ಸ್ಟೇಷನ್. ಈ ಮಾತು ಕೇಳಿದ ತಾಯಿ ಹತ್ತಿದ್ದು ಅಲ್ಲಿ.

ಬಗಲಲ್ಲಿ ಹನ್ನೊಂದು ವರ್ಷದ ಮಗ. ಅವನ ಕಾಲು ಆಗಲೇ ಆಕೆಯ ಮೊಣಕಾಲಿನ ಕೆಳಗೆ ಇಳಿಬಿದ್ದಿತ್ತು. ಸೀಟಿನ ಮೇಲೆ ಕೂರಿಸಿದ ತಕ್ಷಣ ಅವನು ಕೈಗೆ ಹಾಕಿಕೊಂಡಿದ್ದ ಚಪ್ಪಲಿ ತೆಗೆದು ಪಕ್ಕಕ್ಕಿಟ್ಟ. ಹೌದು, ಕೈಗೆ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ನಾವು ಹಾಕಿಕೊಂಡರೆ ಹಿಮ್ಮಡಿ ಹತ್ತಿರ ಸವೆಯುತ್ತದಲ್ವಾ? ಅವು ಮುಂದೆ, ಅಂಗೈ ಒತ್ತುವ ಜಾಗದಲ್ಲಿ ಸವೆದು ಕಾಗದದಷ್ಟು ತೆಳ್ಳಗಾಗಿದ್ದವು. ಒಂದರ ಪಟ್ಟಿ ಕಿತ್ತುಹೋಗಿ ಆ ಜಾಗದಲ್ಲಿ ಸೀರೆಯ ಅಂಚಿನ ಬಟ್ಟೆ ಕಟ್ಟಿದ್ದರು. ಅವನು ಆ ಗಂಟನ್ನು ಸುಮ್ನೆ ಬೆರಳಲ್ಲಿ ತಿರುವುತ್ತಾ ಕೂತಿದ್ದ.

ಹುಟ್ಟಿದಾಗ ಅಳಲಿಲ್ಲವಂತೆ. ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೊತ್ತಾಗಿತ್ತಂತೆ. ಎರಡೂ ಕಾಲು ಬಿಗಿ. ಬುದ್ಧಿ ಚುರುಕು, ಮಾತು ನಿಧಾನ. ಡಾಕ್ಟರು ಅಂಗವಿಕಲತೆ ಶೇ. 60 ಅಂತ ಬರೆದು ಕೊಟ್ಟಿದ್ದಾರೆ. ತಿಂಗಳಿಗೆ 800 ರೂಪಾಯಿ ಪಿಂಚಣಿ ಬರುತ್ತದೆ. ಆ ಕಡೆಯವರು ಅದಕ್ಕೆ ಪಗಾರ ಅಂತಾರೆ.

ಆಕೆಯ ತಂಗಿಯನ್ನು ಹೊಳೆಯಾಚೆ, ತೆಲಂಗಾಣಕ್ಕೆ ಕೊಟ್ಟಿದ್ದಾರೆ. ತಂಗಿಯ ಮೈದುನನಿಗೂ ಕಾಲಿಲ್ಲ. ಅವನಿಗೆ ತಿಂಗಳಿಗೆ ನಾಲ್ಕು ಸಾವಿರದ ಹದಿನಾರು. ಆಕೆ ಇದನ್ನು ದೂರುವ ಹಾಗೆ ಹೇಳಲಿಲ್ಲ. ನನ್ನ ಮುಖ ನೋಡಿ, ಅರ್ಥವಾಗದ್ದನ್ನು ಕೇಳುವ ಹಾಗೆ ಕೇಳಿದರು: "ಹೊಳಿ ದಾಟಿದ್ರ ಕಾಲು ಬ್ಯಾರೆ ಆಗ್ತಾವೇನ್ರಿ ಅಕ್ಕಾರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎದುರು ಸೀಟಿನಲ್ಲಿದ್ದ ಬಿಳಿ ಅಂಗಿಯವರು ನಕ್ಕು, "ಅಲ್ಲೇ ಹೋಗಿ ಇರ್ರಿ ಹಂಗಾರ" ಅಂದರು. ನನಗೆ ಅವರ ಮೇಲೆ ಬಹಳ ಸಿಟ್ಟು ಬಂತು. ಕಷ್ಟದಲ್ಲಿರುವವರಿಗೆ ಇಂಥ ಸಲಹೆ ಕೊಡುವವರನ್ನು ನಾನು ಬೆಂಗಳೂರಿನಲ್ಲೂ ಜಾಸ್ತಿ ನೋಡಿದ್ದೇನೆ. ಆದರೆ ಸೈದಾಪುರ ಬಂದಾಗ ಹುಡುಗನನ್ನು ಎತ್ತಿಕೊಂಡು ಇಳಿಸಿದವರೂ ಅವರೇ. ಚಪ್ಪಲಿ ಮರೆಯಬಾರದು ಅಂತ ಅದನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. ನಾನು ಕೂತೇ ಇದ್ದೆ.

ಮನೆಗೆ ಬಂದು ಹುಡುಕಿದೆ. ಆಕೆ ಹೇಳಿದ ಲೆಕ್ಕ ಸರಿ. ತೆಲಂಗಾಣದಲ್ಲಿ 2023ರಲ್ಲಿ ಅಂಗವಿಕಲರ ಪಿಂಚಣಿ 3,016ರಿಂದ 4,016ಕ್ಕೆ ಏರಿದೆ. ಆಂಧ್ರದಲ್ಲಿ 2024ರ ಜುಲೈಯಿಂದ 6,000. ದೆಹಲಿಯಿಂದ ಬರುವ ಪಾಲು ಎಲ್ಲ ರಾಜ್ಯಕ್ಕೂ ಒಂದೇ, 300 ರೂಪಾಯಿ. ಅದೂ ಅಂಗವಿಕಲತೆ ಶೇ. 80 ಅಥವಾ ಹೆಚ್ಚಿರುವ, 18ರಿಂದ 79 ವರ್ಷದ ಬಡವರಿಗೆ ಮಾತ್ರ. ಮಿಕ್ಕಿದ್ದು ಆಯಾ ರಾಜ್ಯದ ಮನಸ್ಸು. ರಾಯಚೂರಿನವರಿಗೆ ಎರಡು ಕಡೆ ಎರಡು ಹೊಳೆ. ತುಂಗಭದ್ರೆ ದಾಟಿ ಮಂತ್ರಾಲಯಕ್ಕೆ ಹೋದರೆ 6,000. ಕೃಷ್ಣೆ ದಾಟಿದರೆ 4,016. ನಡುವಿನ ನೆಲದಲ್ಲಿ ಅಂಥ ಕಾಲಿಗೆ 800. ಎಲ್ಲರ ಕೈಯಲ್ಲೂ ಇರುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಆ ಒಂದೇ ಕಾಯ್ದೆಯ ಪ್ರಮಾಣಪತ್ರ.

ನಾನು ಹುಟ್ಟಿದ್ದು ಪುತ್ತೂರಿನಲ್ಲಿ. ನನ್ನ ಚಿಕ್ಕಪ್ಪನಿಗೆ ಎರಡನೇ ವರ್ಷಕ್ಕೆ ಪೋಲಿಯೊ ಬಂದಿತ್ತು. ಬಲಗಾಲು ಪೂರ್ತಿ ಸೋತಿದೆ. ಅವರು ಬಿ.ಕಾಂ. ಮಾಡಿದರು, ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದರು, ಮನೆ ಕಟ್ಟಿಸಿದರು. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಅವರ ಛಲ ಅಂತಲೇ ಹೇಳಿಕೊಂಡು ಬಂದೆವು. ಛಲ ಇತ್ತು, ಇಲ್ಲ ಅನ್ನಲ್ಲ. ಆದರೆ ಶಾಲೆ ಮನೆಯಿಂದ ಎರಡು ಗದ್ದೆ ಆಚೆ ಇತ್ತು. ಅಜ್ಜಿಗೆ ಓದಲು ಬರುತ್ತಿತ್ತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಈ ನಾಲ್ಕೂ ಬ್ಯಾಂಕ್ ಹುಟ್ಟಿದ್ದು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ. ಕೂತು ಮಾಡುವ ಕೆಲಸ ಊರ ಬಾಗಿಲಿಗೇ ಬಂದಿತ್ತು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88 ದಾಟಿತ್ತು. ಯಾದಗಿರಿಯದು ಶೇ. 52ನ್ನೂ ಮುಟ್ಟಿರಲಿಲ್ಲ. ಇವೆರಡೂ ಒಂದೇ ರಾಜ್ಯದ ಜಿಲ್ಲೆಗಳು. ಚಿಕ್ಕಪ್ಪ ಸೈದಾಪುರದ ಕಡೆ ಹುಟ್ಟಿದ್ದರೆ ಆ ಛಲವನ್ನು ಎಲ್ಲಿ ಊರುತ್ತಿದ್ದರು?

ರೈಲಿನಲ್ಲಿ ನಾನು ಕೇಳಿದ್ದೆ, "ಶಾಲೆಗೆ ಹೋಗ್ತಾನಾ?" ಅಂತ. "ಹೆಸರ ಐತ್ರಿ ಸಾಲ್ಯಾಗ" ಅಂದರು. ಹೆಸರು ಇದೆ. ಹುಡುಗ ಮನೆಯಲ್ಲಿ. ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಬರುತ್ತಾರೆ, ಕಟ್ಟಡದ ಕೆಲಸಕ್ಕೆ. ಆಗ ಹುಡುಗನನ್ನು ನೋಡಿಕೊಳ್ಳುವವಳು ಅವನ ಅಕ್ಕ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಾಳೆ. ಅವನ ಎರಡು ಕಾಲಿನ ಜೊತೆಗೆ ಅವಳ ಓದೂ ಹೋಯಿತು. ಇದನ್ನು ಯಾವ ಪ್ರಮಾಣಪತ್ರದಲ್ಲಿ ಬರೆಯುತ್ತಾರೆ, ಶೇಕಡಾ ಎಷ್ಟು ಅಂತ?

ನೀತಿ ಆಯೋಗದ ಬಡತನ ಸೂಚ್ಯಂಕದಲ್ಲಿ 12 ಅಂಶಗಳಿವೆ. ಪೌಷ್ಟಿಕತೆ, ಶಾಲೆ, ಕರೆಂಟು, ಶೌಚಾಲಯ, ಅಡುಗೆ ಇಂಧನ, ಬ್ಯಾಂಕ್ ಖಾತೆ, ಹೀಗೆ. 2023ರ ವರದಿಯಲ್ಲಿ ಬಿಹಾರದಲ್ಲಿ ಶೇ. 33.76 ಜನ ಬಡವರು, ಕೇರಳದಲ್ಲಿ ಶೇ. 0.55. ಅಷ್ಟು ದೊಡ್ಡ ಅಂತರ ತೋರಿಸುವ ಆ ಪಟ್ಟಿಯಲ್ಲಿ ಅಂಗವಿಕಲತೆ ಅನ್ನುವ ಅಂಶ ಇಲ್ಲ. ಆಕೆಯ ಮನೆಯಲ್ಲಿ ಕರೆಂಟು ಇದೆ. 800 ಜಮಾ ಆಗಲು ಬ್ಯಾಂಕ್ ಖಾತೆ ಇದೆ. ಹುಡುಗನ ಹೆಸರು ಶಾಲೆಯಲ್ಲಿದೆ. ಆ ಪಟ್ಟಿ ಹಿಡಿದು ಹೋದವರಿಗೆ ಮೂರೂ ಸರಿ ಅಂತಲೇ ಕಾಣಬಹುದು. ಸವೆದ ಚಪ್ಪಲಿ ಕಾಣಲ್ಲ.

ಆ ಕಡೆಯ ಜಿಲ್ಲೆಗಳು ಹಿಂದುಳಿದಿದ್ದು ಯಾರಿಗೂ ಗೊತ್ತಿರಲಿಲ್ಲ ಅಂತಲೂ ಇಲ್ಲ. ನಂಜುಂಡಪ್ಪ ಸಮಿತಿ 2002ರಲ್ಲೇ ತಾಲ್ಲೂಕು ತಾಲ್ಲೂಕು ಲೆಕ್ಕ ಹಾಕಿ ವರದಿ ಕೊಟ್ಟಿತ್ತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಆಮೇಲೆ ಆ ಭಾಗಕ್ಕೆ ಅಂತಲೇ ಸಂವಿಧಾನದ 371ಜೆ ವಿಧಿ ಬಂತು, ಸೀಟು ಮತ್ತು ನೌಕರಿಯಲ್ಲಿ ಮೀಸಲಾತಿ ಬಂತು. ಅದರಿಂದ ಡಾಕ್ಟರಾದವರು, ಇಂಜಿನಿಯರಾದವರು ಇದ್ದಾರೆ. ನನ್ನ ಗೆಳತಿಯ ತಮ್ಮನೇ ಒಬ್ಬ. ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಏಳನೇ ಕ್ಲಾಸಿನಲ್ಲಿ ನಿಂತುಹೋದ ಆ ಹುಡುಗಿ ಆ ಸೀಟಿನವರೆಗೆ ಬರುವುದು ಹೇಗೆ? ನಮ್ಮ ಆಫೀಸಿನಲ್ಲಿ "ಆ ಕಡೆಯ ಜನಕ್ಕೆ ಓದೋ ಆಸಕ್ತಿನೇ ಇಲ್ಲ" ಅನ್ನುವವರಿದ್ದಾರೆ. ನಾನೂ ಸುಮ್ಮನೆ ಕೇಳಿಸಿಕೊಂಡಿದ್ದೇನೆ. ಇನ್ನು ಕೇಳಿಸಿಕೊಳ್ಳಲ್ಲ.

ಗುರುವಾರ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪಿಂಚಣಿ ವಿಷಯಕ್ಕೆ ಏನೂ ಅನ್ನಲಿಲ್ಲ. ಕೈಯ ಚಪ್ಪಲಿ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಅವನಿಗೆ ಕಾಲಿಗೆ ಕಟ್ಟುವ ಕ್ಯಾಲಿಪರ್ ಉಂಟಾ? ವೀಲ್‌ಚೇರ್?"

"ಗೊತ್ತಿಲ್ಲ ಚಿಕ್ಕಪ್ಪ. ಕೇಳಲಿಲ್ಲ."

"ನೀನು ಅಷ್ಟು ಹೊತ್ತು ಕೂತು ಎಂತ ಕೇಳಿದ್ದು ಮತ್ತೆ? ಊರಿನ ಹೆಸರಾದರೂ ಗೊತ್ತುಂಟಾ?"

ಊರಿನ ಹೆಸರು ಗೊತ್ತಿತ್ತು. ಪ್ರತಿ ಗ್ರಾಮ ಪಂಚಾಯಿತಿಗೂ ಅಂಗವಿಕಲರ ಕೆಲಸಕ್ಕೆ ಅಂತ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಅಂದರೆ ವಿಆರ್‌ಡಬ್ಲ್ಯೂ ಇರುತ್ತಾರೆ, ಅವರೂ ಅಂಗವಿಕಲರೇ, ಅವರ ನಂಬರ್ ಹುಡುಕು ಅಂದರು. ಶುಕ್ರವಾರ ಇಡೀ ದಿನ ಗೆಳತಿ, ಅವಳ ತಮ್ಮ, ಅವನ ಪರಿಚಯದವರು ಅಂತ ಸುತ್ತಿ ನಂಬರ್ ಸಿಕ್ಕಿತು. ಇವತ್ತು ಬೆಳಿಗ್ಗೆ ಎತ್ತಿದರು. ಹುಡುಗನ ಹೆಸರು ಹೇಳುವ ಮೊದಲೇ, "ಕೈಯಾಗ ಚಪ್ಪಲಿ ಹಾಕ್ಕೊಂಡು ಬರ್ತಾನಲ್ರಿ, ಅವನಾ?" ಅಂದರು. ವೀಲ್‌ಚೇರಿಗೆ ಹಿಂದಿನ ವರ್ಷವೇ ಹೆಸರು ಬರೆದು ಕಳಿಸಿದ್ದಾರಂತೆ. ಸೋಮವಾರ ತಾಲ್ಲೂಕಿಗೆ ಹೋದಾಗ ವಿಚಾರಿಸುತ್ತೇನೆ ಅಂದಿದ್ದಾರೆ. ಸೋಮವಾರ ಸಂಜೆ ಮತ್ತೆ ಫೋನ್ ಮಾಡಬೇಕು.