ಬಿ.ಡಿ.ಡಿ. ಚಾಳು: ಬಾಡಿಗೆ ಇಳಿಯಿತು, ಗೋಡೆಯೂ ಇಳಿಯಿತು

ಮುಂಬಯಿಯ ಗಿರಣಿ ಕಾರ್ಮಿಕರಿಗೆ 50,000 ಖೋಲಿ (ಒಂದೇ ಕೋಣೆಯ ಮನೆ) ಕಟ್ಟಿಕೊಡುತ್ತೇವೆಂದು 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಸರ್ಕಾರ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟನ್ನು (ಬಿ.ಡಿ.ಡಿ.) ಹುಟ್ಟುಹಾಕಿತು. ಹಣಕ್ಕೆ ಊರೊಳಗೆ ಬರುವ ಹತ್ತಿಯ ಮೇಲೆ ಅಂಡಿಗೆಗೆ 1 ರೂಪಾಯಿ ಸುಂಕ. ಕೊನೆಗೆ ಎದ್ದು ನಿಂತದ್ದು ಇಂಥ ಖೋಲಿಗಳ ಸಾಲುಕಟ್ಟಡಗಳಾದ 207 ಚಾಳು: ವರ್ಲಿಯಲ್ಲಿ 121, ನಾಯಗಾಂವ್‌ನಲ್ಲಿ 42, ಡಿಲೈಲ್ ರೋಡಿನಲ್ಲಿ 32, ಶಿವಡಿಯಲ್ಲಿ 12. ನೆಲಮಹಡಿ ಸೇರಿ ನಾಲ್ಕು ಅಂತಸ್ತು, ಅಂತಸ್ತಿಗೆ 20 ಖೋಲಿ, ಖೋಲಿಗೆ ಸುಮಾರು 160 ಚದರಡಿ, ಶೌಚಾಲಯ ಎಲ್ಲರಿಗೂ ಸೇರಿದ್ದು.

ವರ್ಲಿ ಆಗ ಊರಂಚು. ಗಿರಣಿ ದೂರ, ಸಂತೆ ದೂರ. ಅಡುಗೆ, ಸ್ನಾನ, ಪಾತ್ರೆ ಎಲ್ಲ ಒಂದೇ ಕೋಣೆಯಲ್ಲಿ ನಡೆಯಬೇಕಾದ ಮನೆಗೆ ಬಚ್ಚಲನ್ನೇ ಮೊದಲು ಮರೆತಿದ್ದರು. ಕೂಲಿಗೆ ಹೋಗುವವರನ್ನು ಒಂದು ಮಾತು ಕೇಳಿದ್ದರೂ ಇದು ತಪ್ಪುತ್ತಿತ್ತು. ನೂರಾರು ಖೋಲಿ ಖಾಲಿ ಬಿದ್ದವು. 1930ರ ಕಾನೂನುಭಂಗ ಚಳವಳಿಯಲ್ಲಿ ಇಲ್ಲಿನ ಕೆಲವು ಚಾಳುಗಳು ಜೈಲಾದವು.

ಸರ್ಕಾರ ಕೊಟ್ಟ ನೆರವು ಒಂದೇ ಬಗೆಯದು: ಕಟ್ಟಿದ ಖರ್ಚಿಗೆ ಸಾಲದಷ್ಟು ಕಡಿಮೆ ಬಾಡಿಗೆ. ಬಡವರಿಗೆ ಅದು ಬೇಕೇ ಬೇಕಿತ್ತು. ಆದರೆ ಆ ಬಾಡಿಗೆಯಿಂದ ದುರಸ್ತಿ ಸಾಗದು, ಬೇರೆ ಕಡೆಯಿಂದಲೂ ಸಾಕಷ್ಟು ಹಣ ಬರಲಿಲ್ಲ. ಇಲ್ಲಿಂದಲೇ ಕಾಂಕ್ರೀಟಿನ ಕಷ್ಟ ಶುರು. ಶೌಚಾಲಯದ ಸೋರಿಕೆ, ಸಮುದ್ರದ ಉಪ್ಪುಗಾಳಿ ಎರಡೂ ಒಳಗಿನ ಕಬ್ಬಿಣಕ್ಕೆ ತಲುಪುತ್ತವೆ. ತುಕ್ಕು ಹಿಡಿದ ಸರಳು ಉಬ್ಬಿ ಮೇಲಿನ ಕಾಂಕ್ರೀಟನ್ನು ಸೀಳುತ್ತದೆ. ಉದುರಿದ ಜಾಗಕ್ಕೆ ಬರೀ ಗಾರೆ ಮೆತ್ತಿದರೆ ಕೆಲವು ಮಳೆಗಾಲದಲ್ಲೇ ಮತ್ತೆ ಉದುರುತ್ತದೆ. ಮೊದಲು ಸೋರುವ ಕೊಳವೆ ನಿಲ್ಲಿಸಬೇಕು, ಸರಳಿನ ಹಿಂಬದಿವರೆಗೂ ಕೆತ್ತಿ ತುಕ್ಕು ತೆಗೆಯಬೇಕು, ತೀರಾ ಸವೆದದ್ದಕ್ಕೆ ಹೊಸ ಸರಳು ಕಟ್ಟಬೇಕು, ತುಕ್ಕು ತಡೆಯುವ ಲೇಪ ಬಳಿದು ಆಮೇಲೆ ಪಾಲಿಮರ್ ಗಾರೆ.

ಈಗಿನ ನೆರವು ಬೇರೆ ಬಗೆಯದು. ವಸತಿ ಮಂಡಳಿ ಮ್ಹಾಡಾ ಹಳೆಯ ಚಾಳು ಕೆಡವಿ, ಅರ್ಹ ಬಾಡಿಗೆದಾರರಿಗೆ 500 ಚದರಡಿ ಮನೆಯನ್ನು ಬಿಟ್ಟಿಯಾಗಿ, ಸ್ವಂತ ಹಕ್ಕಿನಲ್ಲಿ ಕೊಡುತ್ತಿದೆ. ಖರ್ಚಿನ ಹಣ ಹುಟ್ಟುವುದು ಅದೇ ಜಾಗದಲ್ಲಿ ಮಾರಾಟಕ್ಕೆ ಕಟ್ಟುವ ಬಹುಮಹಡಿ ಕಟ್ಟಡಗಳಿಂದ. ವರ್ಲಿಯ ಮೊದಲ 556 ಮನೆಗಳ ಕೀಲಿ 2025ರ ಆಗಸ್ಟಿನಲ್ಲಿ ಕೈಸೇರಿತು. ಶಿವಡಿಯದು ಹಿಂದೆ ಬಿದ್ದಿದೆ, ಏಕೆಂದರೆ ಅಲ್ಲಿನ ನೆಲ ಬಂದರು ಪ್ರಾಧಿಕಾರದ್ದು, ರಾಜ್ಯದ್ದಲ್ಲ.

ತೊಡಕು ಬರುವುದು 'ಅರ್ಹ' ಎಂಬ ಮಾತಿನಲ್ಲಿ. ಅಜ್ಜನ ಹೆಸರಿನ ರಶೀದಿಯಲ್ಲೇ ಮೊಮ್ಮಕ್ಕಳು ಇರುತ್ತಾರೆ. ಖೋಲಿ ಬಿಡುವ ಮೊದಲೇ ಮರಣಪತ್ರ, ವಾರಸುದಾರರ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ, ಹಳೆಯ ಬಾಡಿಗೆ ರಶೀದಿ, ವಿದ್ಯುತ್ ಬಿಲ್ ಸೇರಿಸಿ ಹೆಸರು ವರ್ಗಾಯಿಸಿಕೊಳ್ಳಿ. ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಖೋಲಿ ಸಂಖ್ಯೆ, ಚಾಳಿನ ಸಂಖ್ಯೆ ಎರಡೂ ಎಲ್ಲ ಕಾಗದದಲ್ಲಿ ಒಂದೇ ಇವೆಯೇ ನೋಡಿ. ಚಾಳು ಕೆಡವಿದ ಮೇಲೆ ಅಲ್ಲಿ ವಾಸವಿದ್ದೆವೆಂದು ತೋರಿಸಲು ಆ ಕಾಗದ ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ.